‘ಬರೀ ಸಹಿ’ಯ ಲೆಕ್ಕ

“ಅಕ್ಕಾ, ದುಡ್ಡೇನೂ ಕೊಡಬೇಡ. ಬರೀ ಒಂದು ಸಹಿ ಹಾಕಿಕೊಡು, ಸಾಕು.”

2012ರ ಮಾರ್ಚ್ ತಿಂಗಳ ಒಂದು ಸಂಜೆ ಚಿಕ್ಕಪ್ಪನ ಮಗ ದಾವಣಗೆರೆಯ ನಮ್ಮ ಬಾಡಿಗೆ ಮನೆಗೆ ಬಂದು ಹೀಗೆ ಕೇಳಿದಾಗ ನಾನು ಒಲೆಯ ಮೇಲೆ ಚಹಾಕ್ಕೆ ಇಟ್ಟಿದ್ದೆ. ಚಹಾ ಕುದಿಯುವುದರೊಳಗೆ ಸಹಿ ಹಾಕಿ ಮುಗಿದಿತ್ತು. ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಡಲು ಅವನಿಗೆ ಸಹಕಾರ ಬ್ಯಾಂಕೊಂದರಿಂದ 3 ಲಕ್ಷ ರೂಪಾಯಿ ಸಾಲ ಬೇಕಿತ್ತು. ಬ್ಯಾಂಕಿನವರು ಇಬ್ಬರ ಜಾಮೀನು ಕೇಳಿದ್ದರು. ಒಬ್ಬರು ಅವನ ಪರಿಚಯದ ವ್ಯಾಪಾರಿ. ಇನ್ನೊಬ್ಬಳು ಸರ್ಕಾರಿ ನೌಕರಿಯಲ್ಲಿದ್ದ ನಾನು. ಸಣ್ಣ ಅಕ್ಷರದ ನಾಲ್ಕು ಪುಟ. ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಕಡೆಯೆಲ್ಲ ಸಹಿ ಮಾಡಿದೆ, ಮರುದಿನ ಬ್ಯಾಂಕಿಗೆ ಹೋಗಿ ಅಧಿಕಾರಿಯ ಎದುರು ಇನ್ನೆರಡು ಸಹಿ ಹಾಕಿ ಬಂದೆ. ಒಂದು ಸಾಲನ್ನೂ ಓದಲಿಲ್ಲ.

ಅವನು ಮೋಸಗಾರನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. 14 ಕಂತುಗಳನ್ನು ತಪ್ಪದೆ ಕಟ್ಟಿದ. ಆಮೇಲೆ ಒಂದು ಮಳೆಗಾಲದಲ್ಲಿ ಸಾಮಾನು ಇಟ್ಟಿದ್ದ ಕೊಠಡಿಗೆ ನೀರು ನುಗ್ಗಿ ಬಟ್ಟೆಯೆಲ್ಲ ಕೊಳೆಯಿತು. ಅದನ್ನು ತುಂಬಿಸಲು ಕೈಸಾಲ ಮಾಡಿದ. ಕೈಸಾಲದ ಬಡ್ಡಿ ಕಟ್ಟಲು ಬ್ಯಾಂಕಿನ ಕಂತು ನಿಲ್ಲಿಸಿದ. ಕೊನೆಗೆ ಊರು ಬಿಟ್ಟ, ಫೋನ್ ನಂಬರ್ ಬದಲಾಯಿತು.

2014ರ ಫೆಬ್ರವರಿಯಲ್ಲಿ ನನ್ನ ಹೆಸರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಬಂತು. ಬಾಕಿ ಅಸಲೇ 2,47,000 ರೂಪಾಯಿ, ಬಡ್ಡಿ ಬೇರೆ. ಬ್ಯಾಂಕಿಗೆ ಓಡಿದೆ. “ಸಾಲ ತಗೊಂಡವನು ಅವನು. ಮೊದಲು ಅವನನ್ನು ಹುಡುಕಿ ವಸೂಲಿ ಮಾಡಿ, ಸಿಗದಿದ್ದರೆ ಆಮೇಲೆ ನನ್ನ ಹತ್ತಿರ ಬನ್ನಿ” ಎಂದು ಜೋರು ಮಾಡಿದೆ. ಆ ಅಧಿಕಾರಿ ಬೇಸರವನ್ನೇನೂ ಮಾಡಿಕೊಳ್ಳದೆ ಕಡತ ತೆರೆದು ನನ್ನ ಸಹಿಯನ್ನೇ ನನಗೆ ತೋರಿಸಿದರು. ಸಾಲ ತೀರದಿದ್ದರೆ ಸಂಬಳದಿಂದ ಕಡಿತ ಮಾಡಿಕೊಳ್ಳಲು ನನ್ನ ಒಪ್ಪಿಗೆಯೂ ಆ ನಾಲ್ಕು ಪುಟಗಳಲ್ಲೇ ಇತ್ತು.

ಜಾಮೀನು ಎಂದರೆ ‘ಇವನು ಒಳ್ಳೆಯವನು’ ಎಂದು ಹೇಳುವ ಸಾಕ್ಷಿ ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಕಾನೂನು ಹಾಗೆ ಹೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಸಾಲಗಾರನ ಬೆನ್ನು ಹತ್ತಿ, ಆಮೇಲೆ ಜಾಮೀನುದಾರನ ಬಳಿ ಬರಬೇಕೆಂಬ ಕಟ್ಟಳೆ ಬ್ಯಾಂಕಿಗಿಲ್ಲ ಎಂಬುದನ್ನು ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ನಡುವಿನ ಹಳೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿ ದಶಕಗಳೇ ಕಳೆದಿವೆ. ಊರು ಬಿಟ್ಟ ಸಾಲಗಾರನಿಗಿಂತ ತಿಂಗಳ ಸಂಬಳದ ನೌಕರಳು ಬ್ಯಾಂಕಿನ ಕೈಗೆ ಬೇಗ ಸಿಗುತ್ತಾಳೆ. ಅಂದು ನನ್ನ ಸಹಿ ಅವರಿಗೆ ಬೇಕಾಗಿದ್ದುದೂ ಅದಕ್ಕೇ.

ದಂಡದ ಬಡ್ಡಿ ಬಿಟ್ಟು, ಮಾಮೂಲಿ ಬಡ್ಡಿಯಲ್ಲೂ ಸ್ವಲ್ಪ ಇಳಿಸಿ, ತಿಂಗಳಿಗೆ 6,500 ರೂಪಾಯಿಯಂತೆ 48 ಕಂತಿಗೆ ಬ್ಯಾಂಕ್ ಒಪ್ಪಿತು. 2015ರ ಜನವರಿಯ ಸಂಬಳದ ಚೀಟಿ ಇನ್ನೂ ನನ್ನ ಬಳಿಯಿದೆ. ಕೆಜಿಐಡಿ ವಿಮೆಯ ಕಂತು, ವೃತ್ತಿ ತೆರಿಗೆ 200 ರೂಪಾಯಿ, ಅದರ ಕೆಳಗೆ ಹೊಸದೊಂದು ಸಾಲು: 6,500. ಆಗ ಕೈಗೆ ಬರುತ್ತಿದ್ದುದು 24,000 ರೂಪಾಯಿ. ಮಗನ ಶಾಲೆಯ ಫೀಜು, ಮನೆ ಬಾಡಿಗೆ, ಅತ್ತೆಯ ಮಾತ್ರೆ ಎಲ್ಲವನ್ನೂ ಉಳಿದ 17,500ರಲ್ಲಿ ಹೊಂದಿಸಬೇಕಾಯಿತು. 2016ರಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿದರೆ ಅದೂ ತಿರಸ್ಕೃತವಾಯಿತು. ಕ್ರೆಡಿಟ್ ವರದಿಯಲ್ಲಿ ನನ್ನ ಹೆಸರಿನ ಕೆಳಗೆ, ಜಾಮೀನುದಾರಳು ಎಂಬ ಗುರುತಿನೊಂದಿಗೆ, ತಮ್ಮನ ಸಾಲ ಬಾಕಿ ಎಂದು ದಾಖಲಾಗಿತ್ತು. 300ರಿಂದ 900ರವರೆಗಿನ ಅಳತೆಯಲ್ಲಿ ನನ್ನ ಅಂಕ 611. ಜಾಮೀನು ನಿಂತ ಸಾಲವೂ ನಮ್ಮ ವರದಿಯಲ್ಲಿ ಸೇರುತ್ತದೆ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಪೆಟ್ಟು ತಿಂದವರು ಪಾಠ ಕಲಿಯುತ್ತಾರೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆ ನಾಲ್ಕು ವರ್ಷ ನಾನು ಕಲಿತದ್ದು ಸಿಟ್ಟು ಮಾತ್ರ. ಚಿಕ್ಕಪ್ಪನ ಮನೆಯ ಮದುವೆಗೆ ಹೋಗಲಿಲ್ಲ. ಯಾರಾದರೂ ಸಾಲ ಎಂದು ಬಾಯಿ ತೆರೆದರೆ ಮಾತು ಮುಗಿಯುವ ಮೊದಲೇ ಇಲ್ಲ ಎನ್ನುತ್ತಿದ್ದೆ. ನಿಜವಾಗಿಯೂ ಕಷ್ಟದಲ್ಲಿದ್ದ ಗೆಳತಿಯೊಬ್ಬಳಿಗೂ ಹಾಗೇ ಅಂದೆ. ಆ ನೋವು ಈಗಲೂ ಇದೆ. ಪೆಟ್ಟು ಬಿದ್ದ ಜಾಗಕ್ಕೆ ಹಿಂದಿರುಗಿ, ಎಲ್ಲಿ ಎಡವಿದೆ ಎಂದು ನೋಡುವವರೆಗೂ ಅದು ಏನನ್ನೂ ಕಲಿಸುವುದಿಲ್ಲ.

ನಾನು ಹಿಂದಿರುಗಿದ್ದು 2018ರ ಡಿಸೆಂಬರಿನಲ್ಲಿ. ಕೊನೆಯ ಕಂತು ಕಡಿತವಾದ ಮೇಲೆ ಬೇಬಾಕಿ ಪತ್ರ ತರಲು ಬ್ಯಾಂಕಿಗೆ ಹೋದವಳು, ಜಾಮೀನು ಪತ್ರದ ಒಂದು ನಕಲು ಕೊಡಿ ಎಂದು ಕೇಳಿದೆ. ಆ ರಾತ್ರಿ ಅಡುಗೆಮನೆಯಲ್ಲಿ ಕೂತು, ಸಹಿ ಹಾಕಿ ಆರೂವರೆ ವರ್ಷದ ಮೇಲೆ, ನಾಲ್ಕೂ ಪುಟಗಳನ್ನು ಮೊದಲ ಬಾರಿಗೆ ಓದಿದೆ. ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷವನ್ನು 2012ರಲ್ಲಿ ಕೊಟ್ಟಿದ್ದರೆ ಹೊಣೆಗೆ ಒಂದು ಮಿತಿ ಬರೆಸಿ ಎಂದಾದರೂ ಕೇಳುತ್ತಿದ್ದೆ, ಪ್ರತಿ ತಿಂಗಳು ಕಂತು ಕಟ್ಟಿದ ರಸೀದಿಯನ್ನು ತಮ್ಮನಿಂದ ತರಿಸಿಕೊಳ್ಳುತ್ತಿದ್ದೆ. ಮೊದಲ ಕಂತು ತಪ್ಪಿದಾಗಲೇ ಗೊತ್ತಾಗುತ್ತಿತ್ತು.

ಅದರ ಹಿಂದೆಯೇ ಇನ್ನೊಂದು ಕೆಲಸ ಮಾಡಿದೆ. ಕಡಿತ ನಿಂತ 6,500 ರೂಪಾಯಿ ಮನೆಖರ್ಚಿಗೆ ಸೇರಿಕೊಳ್ಳುವ ಮೊದಲೇ, 2019ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿ ಅಷ್ಟೇ ಮೊತ್ತದ ಐದು ವರ್ಷದ ಆರ್‌ಡಿ ಮಾಡಿಸಿದೆ. ಆಗ ಬಡ್ಡಿ ಶೇ 7.3. ಆ ದುಡ್ಡಿಲ್ಲದೆ ಬದುಕುವುದು ನಾಲ್ಕು ವರ್ಷದಲ್ಲಿ ಹೇಗೂ ರೂಢಿಯಾಗಿತ್ತು. ಬೇರೆಯವರ ಸಾಲಕ್ಕೆ ತಿಂಗಳು ತಪ್ಪದೆ ಕಟ್ಟಿದವಳು ನನ್ನ ಮನೆಗಾಗಿ ಕಟ್ಟಲಾರೆನೇ ಎಂಬ ಹಟವೂ ಇತ್ತು. ಕೊರೊನಾ ಕಾಲದಲ್ಲೂ ನಿಲ್ಲಿಸಲಿಲ್ಲ. 2024ರ ಜನವರಿಯಲ್ಲಿ ಕೈಗೆ ಬಂದದ್ದು ಸುಮಾರು 4,71,000 ರೂಪಾಯಿ. ತಮ್ಮನ ಸಾಲಕ್ಕೆ ನಾನು ಕಟ್ಟಿದ್ದು 3,12,000. ಆ ಹಣವೇನೂ ಹಿಂದೆ ಬರಲಿಲ್ಲ. ಆದರೆ ಅದು ಮೂಡಿಸಿದ ಶಿಸ್ತಿನಿಂದ ಮನೆ ಸಾಲಕ್ಕೆ ನಮ್ಮ ಪಾಲಿನ ಹಣ ಸಿದ್ಧವಾಗಿತ್ತು. ಬೇಬಾಕಿ ಪತ್ರ ತೋರಿಸಿ ವರದಿ ತಿದ್ದಿಸಿಕೊಂಡಿದ್ದರಿಂದ ಈ ಸಲ ಅರ್ಜಿಯೂ ಒಪ್ಪಿಗೆಯಾಯಿತು.

ಒಂದು ಪಾಠ ಮಾತ್ರ ತಡವಾಯಿತು. ಓದುವವರು ಇದನ್ನು ಗುರುತು ಹಾಕಿಕೊಳ್ಳಬೇಕು. 2022ರ ಜೂನ್‌ನಲ್ಲಿ ಪರಿಚಯದ ವಕೀಲರೊಬ್ಬರ ಜೊತೆ ಮಾತಾಡುವಾಗ ಗೊತ್ತಾಯಿತು: ಜಾಮೀನುದಾರ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಅದೇ ಕರಾರು ಕಾಯ್ದೆಯ 145ನೇ ಕಲಮಿನಲ್ಲಿದೆ. 146ನೇ ಕಲಮಿನಂತೆ ಜಾಮೀನುದಾರರು ಇಬ್ಬರಿದ್ದರೆ, ಬೇರೆ ಒಪ್ಪಂದ ಇಲ್ಲದಾಗ, ಹೊರೆ ಸಮಪಾಲು. ಎಂದರೆ ಆ ವ್ಯಾಪಾರಿಯಿಂದ ಅರ್ಧ ಕೇಳಬಹುದಿತ್ತು. ಆದರೆ ಹಣ ಕಟ್ಟಿದ 3 ವರ್ಷದೊಳಗೆ ದಾವೆ ಹೂಡಬೇಕು. ನನ್ನ ಕೊನೆಯ ಕಂತಿಗೆ ಮೂರು ವರ್ಷ ತುಂಬಿ ಆಗಲೇ ಆರು ತಿಂಗಳಾಗಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಸಹಿ ಪುಸ್ತಕವಿದೆ. ಇನ್ನೂರು ಪುಟದ ಮಾಮೂಲಿ ನೋಟ್‌ಬುಕ್ಕು. ನಾನಾಗಲಿ ನಮ್ಮವರಾಗಲಿ ಎಲ್ಲಿ ಸಹಿ ಹಾಕಿದರೂ ತಾರೀಖು, ಯಾರಿಗಾಗಿ, ಎಷ್ಟು ಮೊತ್ತದ ಹೊಣೆ, ಯಾವಾಗ ಮುಗಿಯುತ್ತದೆ ಎಂದು ಬರೆದು, ನಕಲನ್ನು ಅದರೊಳಗೆ ಇಡುತ್ತೇವೆ. ಮನೆಯವರೆಲ್ಲರಿಗೂ ಗೊತ್ತಿರದ ಸಹಿ ನಮ್ಮಲ್ಲಿ ಈಗ ಒಂದೂ ಇಲ್ಲ. ನೆಂಟರು ಕೇಳಿದರೆ, ಹೋದರೂ ಸಂಬಂಧ ಕೆಡದಷ್ಟು ಹಣವನ್ನು ನೇರವಾಗಿ ಕೊಡುತ್ತೇವೆ. ಹಾಗೆಂದು ಜಾಮೀನೇ ಕೆಟ್ಟದ್ದು ಎಂದು ನಾನು ಹೇಳಲಾರೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೆಗಲು ಕೊಡುವ ನಂಬಿಕೆಯ ಮೇಲೆಯೇ. ಸಾಲ ಪಡೆದವನ ಹೊಲ, ಬೆಳೆ, ಕಷ್ಟ ಎಲ್ಲ ಊರವರ ಕಣ್ಣೆದುರಿಗೇ ಇತ್ತು. ನಾನು ತಮ್ಮನ ಅಂಗಡಿಯನ್ನು ಒಂದು ಸಲವೂ ಹೋಗಿ ನೋಡಿರಲಿಲ್ಲ.

ಹೋದ ವರ್ಷ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಮಗಳ ನರ್ಸಿಂಗ್ ಓದಿಗೆ ಮೂರೂವರೆ ಲಕ್ಷದ ಶಿಕ್ಷಣ ಸಾಲ ಬೇಕು, ಜಾಮೀನು ನಿಲ್ಲುತ್ತೀರಾ ಮೇಡಂ ಎಂದು ಸಂಕೋಚದಿಂದ ಕೇಳಿದರು. ಹಳೆಯ ನಾನಾಗಿದ್ದರೆ ಕೂಡಲೇ ಸಹಿ ಹಾಕುತ್ತಿದ್ದೆ. ನಡುವಿನ ವರ್ಷಗಳ ನಾನಾಗಿದ್ದರೆ ಕೂಡಲೇ ಇಲ್ಲ ಎನ್ನುತ್ತಿದ್ದೆ. ಒಂದು ದಿನ ಸಮಯ ಕೊಡಿ ಎಂದು ಹೇಳಿ, ಶಿಕ್ಷಣ ಸಾಲದ ನಿಯಮ ಓದಿದೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ತಂದೆ ಅಥವಾ ತಾಯಿ ಜೊತೆಗೂಡಿ ಸಹಿ ಹಾಕಿದರೆ ಸಾಕು. ಹೊರಗಿನವರ ಜಾಮೀನೂ ಬೇಡ, ಅಡಮಾನವೂ ಬೇಡ. ಮರುದಿನ ಅವರ ಜೊತೆ ಬ್ಯಾಂಕಿಗೆ ಹೋಗಿ, ನಿಯಮ ತೋರಿಸಿ ಮಾತಾಡಿದೆ. ಸಾಲ ಮಂಜೂರಾಯಿತು, ನನ್ನ ಸಹಿ ಬೇಕಾಗಲಿಲ್ಲ. ಆ ಹುಡುಗಿ ಈಗ ಎರಡನೇ ವರ್ಷದಲ್ಲಿದ್ದಾಳೆ.

ನೀವೂ ಎಂದೋ ಯಾರಿಗೋ ‘ಬರೀ ಸಹಿ’ ಹಾಕಿದ್ದರೆ, ಆ ಸಾಲದ ಸ್ಥಿತಿ ಏನಾಗಿದೆ ಎಂದು ಈ ವಾರವೇ ನೋಡಿ. ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಒಂದೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ನಮಗಿದೆ. ತಪ್ಪು ಕಂಡರೆ ಬರವಣಿಗೆಯಲ್ಲಿ ದೂರು ಕೊಡಿ. ದೂರು ಕೊಟ್ಟ 30 ದಿನದೊಳಗೆ ಸರಿಪಡಿಸದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ.