ಸುಧಾರಕರ ಸಮಗ್ರ ಸಂಪುಟಗಳು ಮತ್ತು ಸಂಪಾದಕನ ಹೊಣೆ

ಧರ್ಮಸುಧಾರಕರ ಬರಹಗಳನ್ನು ಶಾಸ್ತ್ರೀಯವಾಗಿ ಸಂಪಾದಿಸಿ ಸಮಗ್ರ ಸಂಪುಟಗಳಲ್ಲಿ ಹೊರತರುವ ಕಾರ್ಯಕ್ಕೆ ಯುರೋಪಿನಲ್ಲಿ ದೀರ್ಘವಾದ ಪರಂಪರೆಯಿದೆ. ಮಾರ್ಟಿನ್ ಲೂಥರನ ನಾಲ್ಕನೆಯ ಜನ್ಮಶತಮಾನೋತ್ಸವದ ವರ್ಷವಾದ ೧೮೮೩ರಲ್ಲಿ ಪ್ರಾರಂಭವಾದ ವೈಮಾರ್ ಆವೃತ್ತಿಯು ೨೦೦೯ರಲ್ಲಿ ಪೂರ್ಣಗೊಂಡಿತು. ನೂರಿಪ್ಪತ್ತಕ್ಕೂ ಹೆಚ್ಚು ಸಂಪುಟಗಳ ಈ ಮಾಲೆಯಲ್ಲಿ ಲೂಥರನ ಗ್ರಂಥಗಳು, ಪತ್ರಗಳು, ಬೈಬಲ್ ಅನುವಾದ ಇವು ಬೇರೆ ಬೇರೆ ವಿಭಾಗಗಳಲ್ಲಿವೆ. ಊಟದ ಮೇಜಿನಲ್ಲಿ ಅವನಾಡಿದ ಮಾತುಗಳನ್ನು ಶಿಷ್ಯರು ಬರೆದಿಟ್ಟುಕೊಂಡ ಟಿಪ್ಪಣಿಗಳಿಗೂ ಪ್ರತ್ಯೇಕ ವಿಭಾಗವುಂಟು. ಕರ್ತೃ ಬರೆದುದು ಬೇರೆ, ಕೇಳಿದವರು ದಾಖಲಿಸಿದುದು ಬೇರೆ ಎಂಬ ವಿವೇಕವೇ ಈ ವಿಂಗಡಣೆಯ ತಿರುಳು.

ಭಾರತದಲ್ಲಿ ಇದಕ್ಕೆ ಸಮೀಪದ ನಿದರ್ಶನ ದೊರೆಯುವುದು ನಾಗಪುರದ ನಂಟುಳ್ಳ ಅಂಬೇಡ್ಕರ್ ಸಂಪುಟಗಳಲ್ಲಿ. ಧಾರ್ಮಿಕ ಕ್ರಾಂತಿಯು ರಾಜಕೀಯ ಬಿಡುಗಡೆಗೆ ಮುನ್ನಡೆಯಾಗುತ್ತದೆಂದು ೧೯೩೬ರ 'ಜಾತಿ ವಿನಾಶ'ದಲ್ಲಿ ವಾದಿಸುವಾಗ ಅಂಬೇಡ್ಕರರು ಲೂಥರನ ಸುಧಾರಣೆಯನ್ನೇ ಉದಾಹರಿಸಿದ್ದರು. ೧೯೫೬ರ ಅಕ್ಟೋಬರ್ ೧೪ರಂದು ಅವರು ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧ ಧರ್ಮವನ್ನು ಸ್ವೀಕರಿಸಿದ್ದು ನಾಗಪುರದಲ್ಲಿ. ಮಹಾರಾಷ್ಟ್ರ ಸರ್ಕಾರವು ೧೯೭೯ರಿಂದ ಪ್ರಕಟಿಸಿದ ಅವರ ಬರಹ ಮತ್ತು ಭಾಷಣಗಳ ಆರಂಭದ ಸಂಪುಟಗಳನ್ನು ಸಂಪಾದಿಸಿದ ವಸಂತ ಮೂನ್ (೧೯೩೨-೨೦೦೨) ಹುಟ್ಟಿ ಬೆಳೆದದ್ದೂ ಅದೇ ನಗರದ ದಲಿತ ವಸತಿಯಲ್ಲಿ. ಅಂಬೇಡ್ಕರರ ನಿಧನಾನಂತರ ಪೆಟ್ಟಿಗೆಗಳಲ್ಲಿ ಕಾನೂನಿನ ವಶದಲ್ಲಿದ್ದ ಹಸ್ತಪ್ರತಿಗಳು ಪ್ರಕಟವಾಗಬೇಕೆಂದು ನಾಗಪುರದ ವಕೀಲರೊಬ್ಬರು ಅಲ್ಲಿನ ಉಚ್ಚ ನ್ಯಾಯಾಲಯದ ಪೀಠದ ಮೊರೆಹೊಕ್ಕಿದ್ದರು.

ಆ ಹಸ್ತಪ್ರತಿಗಳಲ್ಲಿ ಹಲವು ಅಪೂರ್ಣ. ೧೯೮೭ರಲ್ಲಿ ನಾಲ್ಕನೆಯ ಸಂಪುಟವಾಗಿ ಬಂದ 'ಹಿಂದೂ ಧರ್ಮದ ಒಗಟುಗಳು' ಕೃತಿಯನ್ನು ಬಿಡಿ ಅಧ್ಯಾಯಗಳಿಂದ ಜೋಡಿಸಬೇಕಾಯಿತು. ಅದರ ಅನುಬಂಧದಲ್ಲಿದ್ದ ರಾಮ-ಕೃಷ್ಣರನ್ನು ಕುರಿತ ಭಾಗವು ವಿವಾದಕ್ಕೆ ಕಾರಣವಾಯಿತು. ಅದನ್ನು ತೆಗೆಯಬೇಕೆಂದು ಒಂದು ಪಕ್ಷ, ಉಳಿಸಬೇಕೆಂದು ಇನ್ನೊಂದು ಪಕ್ಷ ಬೀದಿಗಿಳಿದವು. ಕೊನೆಗೆ, ಆ ಅಭಿಪ್ರಾಯಗಳಿಗೆ ಸರ್ಕಾರದ ಸಮ್ಮತಿಯಿಲ್ಲವೆಂಬ ಟಿಪ್ಪಣಿಯೊಡನೆ ಪಠ್ಯವು ಉಳಿಯಿತು. ಟಿಪ್ಪಣಿಯನ್ನು ಸೇರಿಸುವುದು ಒಂದು ಮಾತು, ಪಠ್ಯವನ್ನು ಕತ್ತರಿಸುವುದು ಇನ್ನೊಂದು ಮಾತು. ಮೊದಲನೆಯದರಿಂದ ಓದುಗನ ಕೈಯಲ್ಲಿ ಮೂಲವಾದರೂ ಉಳಿಯುತ್ತದೆ.

ಅಕ್ಟೋಬರ್ ೧೫ರ ನಾಗಪುರದ ಭಾಷಣದ ಸ್ಥಿತಿ ಬೇರೆ. ಮರಾಠಿಯಲ್ಲಿ ಆಡಿದ ಆ ಮಾತುಗಳು ವರದಿಯ ಮೂಲಕ ಉಳಿದು, ಅನುವಾದಗಳ ಮೂಲಕ ಇತರ ಭಾಷೆಗಳಿಗೆ ಹರಡಿದವು. ಲೇಖಕನು ಅಚ್ಚಿಗೆ ಒಪ್ಪಿಸಿದ ಗ್ರಂಥ, ಅಪೂರ್ಣ ಹಸ್ತಪ್ರತಿ, ವರದಿಯಾದ ಭಾಷಣ, ಇವು ಮೂರೂ ಒಂದೇ ಬಗೆಯ ರಟ್ಟಿನೊಳಗೆ ಸೇರಿದಾಗ ಸಮಾನ ಪ್ರಾಮಾಣ್ಯವುಳ್ಳವೆಂಬ ಭ್ರಮೆ ಹುಟ್ಟುವುದು ಸಹಜ.

ಕನ್ನಡದ ವಿದ್ಯಾರ್ಥಿಗೆ ಈ ಪ್ರಶ್ನೆ ಹೊಸದಲ್ಲ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಹದಿನೈದು ಸಂಪುಟಗಳಾಗಿ ಬಂದ ಸಮಗ್ರ ವಚನ ಸಾಹಿತ್ಯದ ಹಿಂದೆ ಇರುವುದು ಹನ್ನೆರಡನೆಯ ಶತಮಾನದ ಶರಣರ ಸ್ವಹಸ್ತಾಕ್ಷರಗಳಲ್ಲ, ನಂತರದ ಕಾಲದ ಓಲೆಗರಿ ಪ್ರತಿಗಳು. ಅಂಕಿತ, ಪಾಠಾಂತರ, ಪ್ರಕ್ಷೇಪಗಳ ವಿಚಾರ ಅಲ್ಲಿ ಅನಿವಾರ್ಯವಾದುದು ಇದರಿಂದಲೇ. ಕನ್ನಡಕ್ಕೆ ಬಂದಿರುವ ಅಂಬೇಡ್ಕರ್ ಸಂಪುಟಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಅನುವಾದವು ಮೂಲದ ಮಾತುಗಳೊಡನೆ ಮೂಲ ಸಂಪಾದಕರ ತೀರ್ಮಾನಗಳನ್ನೂ ಹೊತ್ತು ತರುತ್ತದೆ.

ಆದುದರಿಂದ ಸುಧಾರಕನ ಒಂದು ವಾಕ್ಯವನ್ನು ಉದ್ಧರಿಸುವ ಮುನ್ನ ಅದು ಯಾವ ಬಗೆಯ ಆಕರದಿಂದ ಬಂದುದೆಂದು ಅರಿಯುವುದು ಸಂಶೋಧಕನ ಮೊದಲ ಕರ್ತವ್ಯ. ಸಮಗ್ರ ಸಂಪುಟವೊಂದರ ಓದು ಸಂಪಾದಕೀಯ ಪೀಠಿಕೆಯಿಂದಲೇ ಪ್ರಾರಂಭವಾಗತಕ್ಕದ್ದು.