ಆರು ಗಂಟೆ ಓಡುವವರಿಗೆ ಮ್ಯಾರಥಾನ್ ಸೂತ್ರಗಳು

ಮ್ಯಾರಥಾನ್ ದೂರ ಎಲ್ಲರಿಗೂ ಒಂದೇ, 42.195 ಕಿ.ಮೀ. ಆದರೆ ಎರಡು ಗಂಟೆ ಚಿಲ್ಲರೆಯಲ್ಲಿ ಗುರಿ ಮುಟ್ಟುವವರ ಪರೀಕ್ಷೆಯೇ ಬೇರೆ, ಆರು ಗಂಟೆ ರಸ್ತೆಯಲ್ಲೇ ಇರುವ ನಮ್ಮ ಪರೀಕ್ಷೆಯೇ ಬೇರೆ. ಅವರು ಮುಗಿಸುವಾಗ ನಮ್ಮದು ಅರ್ಧವೂ ಆಗಿರುವುದಿಲ್ಲ. ಅಲ್ಲಿಂದಾಚೆಗಿನ ಬಿಸಿಲು, ಹಸಿವು, ಕಾಲುನೋವು ಎಲ್ಲ ನಮ್ಮ ಪಾಲಿನದು. ತಯಾರಿಯೂ ಅದಕ್ಕೆ ತಕ್ಕಂತೆ ಇರಲಿ.

1. ಕಟ್-ಆಫ್ ಎಷ್ಟೆಂದು ಮೊದಲು ನೋಡಿ. ಏಳು ಗಂಟೆ ಕೊಟ್ಟರೆ ಕಿಲೋಮೀಟರಿಗೆ ಸುಮಾರು ಹತ್ತು ನಿಮಿಷ ಸಿಗುತ್ತದೆ; ಆರೇ ಗಂಟೆಯಾದರೆ ಎಂಟೂವರೆ. ನೀರಿನ ಮೇಜು, ಶೌಚಾಲಯದ ಸಾಲು ಎಲ್ಲ ಇದರೊಳಗೇ ಬರಬೇಕು. ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು ಹೆಸರು ನೋಂದಾಯಿಸುವ ಮುನ್ನ ವೈದ್ಯರನ್ನು ಕಾಣಿ.

2. ಭಾನುವಾರದ ಲಾಂಗ್ ರನ್ನನ್ನು ಗಂಟೆಯಲ್ಲಿ ಅಳೆಯಿರಿ. ಎಷ್ಟೋ ತರಬೇತಿ ಪಟ್ಟಿಗಳಲ್ಲಿ 32 ಕಿ.ಮೀ. ಎಂದು ಬರೆದಿರುತ್ತದೆ. ವೇಗದವರಿಗೆ ಅದು ಎರಡೂವರೆ ಗಂಟೆಯ ಕೆಲಸ. ನಮಗೆ ನಾಲ್ಕೂವರೆ ಗಂಟೆ! ಅಷ್ಟು ಹೊತ್ತು ಓಡಿದರೆ ಮುಂದಿನ ವಾರವಿಡೀ ಕಾಲು ಏಳುವುದಿಲ್ಲ, ಗಾಯದ ಭಯವೂ ಹೆಚ್ಚು. ಮೂರರಿಂದ ಮೂರೂವರೆ ಗಂಟೆಗೆ ನಿಲ್ಲಿಸಿ. ಕೊರತೆ ಅನಿಸಿದರೆ ಶನಿವಾರ ಸಂಜೆ ಒಂದು ಗಂಟೆ ಓಡಿ, ಮಾರನೆಯ ಬೆಳಿಗ್ಗೆ ಆ ದಣಿದ ಕಾಲಲ್ಲೇ ಲಾಂಗ್ ರನ್ ಮಾಡಿ.

3. ಮೊದಲ ಕಿಲೋಮೀಟರಿನಿಂದಲೇ ನಡೆಯಿರಿ. ನಾಲ್ಕು ನಿಮಿಷ ಓಟ, ಒಂದು ನಿಮಿಷ ಬಿರುಸು ನಡಿಗೆ, ವಾಚ್ ನೋಡಿಕೊಂಡೇ. ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ ಜೆಫ್ ಗ್ಯಾಲೋವೇ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಓಡಿದವರು. ಸುಸ್ತಾದ ಮೇಲೆ ನಡೆಯುವುದರಿಂದ ಪ್ರಯೋಜನ ಕಡಿಮೆ. ಸುಸ್ತಾಗುವ ಮುನ್ನವೇ ನಡೆದರೆ ಕೊನೆಯ ಹತ್ತು ಕಿಲೋಮೀಟರಿಗೆ ಶಕ್ತಿ ಉಳಿಯುತ್ತದೆ. ನಡೆಯುವುದಕ್ಕೆ ನಾಚಿಕೆ ಬೇಡ.

4. ಮಾತಾಡುತ್ತಾ ಓಡಿ. ಜೊತೆಗಾರರಿಗೆ ಪೂರ್ತಿ ವಾಕ್ಯ ಹೇಳಲಾಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದೇ ಅರ್ಥ.

5. ನೀರನ್ನು ಬಾಯಾರಿಕೆಗೆ ತಕ್ಕಷ್ಟೇ ಕುಡಿಯಿರಿ. ನಿಧಾನ ಓಟಗಾರರು ಇದನ್ನು ತಿಳಿದಿರಲೇಬೇಕು. ಬೆವರುವುದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಜೀವಕ್ಕೇ ಅಪಾಯವಾಗಬಹುದು. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲಿ, ಓಟ ಮುಗಿಯುವಾಗ ತೂಕ ಏರಿದ್ದವರಲ್ಲಿ ಈ ತೊಂದರೆ ಹೆಚ್ಚು ಕಂಡಿತು. ನಿಧಾನವಾಗಿ ಓಡುವವರಿಗೆ ಪ್ರತಿ ಮೇಜಿನಲ್ಲೂ ನಿಂತು ಕುಡಿಯಲು ಪುರುಸೊತ್ತಿರುತ್ತದೆ, ಅದೇ ಕಾರಣ. ಲಾಂಗ್ ರನ್ನಿಗೆ ಹೋಗುವ ಮುಂಚೆ, ಬಂದ ಮೇಲೆ ತೂಕ ನೋಡಿ. ಏರಿದ್ದರೆ ಕುಡಿದದ್ದು ಹೆಚ್ಚಾಯಿತು. ಓಡುವಾಗ ಬೆರಳು ಊದಿ ಉಂಗುರ ಬಿಗಿಯಾಗಿ, ತಲೆನೋವು, ವಾಂತಿ, ಗಲಿಬಿಲಿ ಶುರುವಾದರೆ ಇನ್ನಷ್ಟು ನೀರು ಕುಡಿಯಬೇಡಿ, ನೇರ ವೈದ್ಯಕೀಯ ಡೇರೆಗೆ ಹೋಗಿ.

6. ತಿನ್ನುವುದು ಜೇಬಿನಲ್ಲಿರಲಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಖರ್ಜೂರ, ಬೆಲ್ಲದ ಚೂರು ಕೂಡ ಆಗುತ್ತದೆ. ಹಿಂದಿನವರು ತಲುಪುವಷ್ಟರಲ್ಲಿ ಕೆಲವು ಮೇಜುಗಳು ಖಾಲಿಯಾಗಿರುತ್ತವೆ. ಇದು ಸಂಘಟಕರು ತಿದ್ದಿಕೊಳ್ಳಲೇಬೇಕಾದ ಲೋಪ; ಹಿಂದಿನವರೂ ಅಷ್ಟೇ ಶುಲ್ಕ ಕೊಟ್ಟಿರುತ್ತಾರೆ. ಏನು ತಿನ್ನಬೇಕು ಎಂಬುದನ್ನು ಲಾಂಗ್ ರನ್ನಿನಲ್ಲೇ ಪರೀಕ್ಷಿಸಿಕೊಳ್ಳಿ.

7. ಬಿಸಿಲಿಗೂ ಅಭ್ಯಾಸ ಬೇಕು. ಬೆಂಗಳೂರಿನವರು ಕಬ್ಬನ್ ಪಾರ್ಕಿನ ನೆರಳಲ್ಲಿ ಓಡಿ, ಏಳೂವರೆಗೆಲ್ಲ ಇಡ್ಲಿ ತಟ್ಟೆಯ ಮುಂದೆ ಕೂತಿರುತ್ತೇವೆ. ಜನವರಿಯ ಮುಂಬೈ ಮ್ಯಾರಥಾನಿನಲ್ಲಿ ಹತ್ತು ಗಂಟೆಗೂ ರಸ್ತೆಯಲ್ಲೇ ಇರುತ್ತೇವೆ. ಸಮುದ್ರದ ಸೆಕೆಗೆ ಬೆವರು ಆರುವುದೇ ಇಲ್ಲ, ಪೆಡ್ಡರ್ ರಸ್ತೆಯ ಏರು ಬರುವುದೂ ಕಾಲು ಸೋತ ಮೇಲೆಯೇ. ಹಾಗಾಗಿ ಕೆಲವು ಭಾನುವಾರ ಬೇಕೆಂದೇ ಏಳಕ್ಕೆ ಹೊರಡಿ. ಟೋಪಿ ಇರಲಿ, ವೇಗ ಇಳಿಸಿ.

8. ವಾರಕ್ಕೆ ಎರಡು ದಿನ ಬಸ್ಕಿ ಹೊಡೆಯಿರಿ. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಿ, ಮತ್ತೆ ಏರಿಸಿ. ಮೀನಖಂಡ ಗಟ್ಟಿಯಾಗುತ್ತದೆ.

9. ತೊಡೆ ಸಂದಿಗೆ, ಕಂಕುಳಿಗೆ ವ್ಯಾಸಲೀನ್. ಮರೆಯಬೇಡಿ.

10. ಕೊನೆಯ ಮೂರು ವಾರ ಓಟ ಕಡಿಮೆ ಮಾಡುತ್ತಾ ಬನ್ನಿ. ಹೊಸ ಶೂ, ಹೊಸ ತಿಂಡಿ ಯಾವುದೂ ಬೇಡ. ಗುರಿ ಮುಟ್ಟಿದ ತಕ್ಷಣ ಕೂರದೆ ಹತ್ತು ನಿಮಿಷ ನಡೆದಾಡಿ, ಒದ್ದೆ ಬನಿಯನ್ ಬದಲಿಸಿ, ಆಮೇಲೆ ಮೊಸರನ್ನವನ್ನೋ ಬಿಸಿ ಉಪ್ಪಿಟ್ಟನ್ನೋ ಹೊಟ್ಟೆ ತುಂಬಾ ತಿನ್ನಿ.