ಪ್ರಶ್ನೆ ಪೆಟ್ಟಿಗೆಯಿಂದ ಸ್ನೇಹ ಕ್ಲಿನಿಕ್ ಬಾಗಿಲವರೆಗೆ

ಹದಿಹರೆಯದವರ ಆರೋಗ್ಯಕ್ಕೆಂದು ಕಾರ್ಯಕ್ರಮಗಳಿಗೇನೂ ಬರವಿಲ್ಲ. 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರನ್ನೆಲ್ಲ ಒಳಗೆ ತಂದಿತು. ಕರ್ನಾಟಕದಲ್ಲಿ ಆಸ್ಪತ್ರೆಗಳಿಗೆ ‘ಸ್ನೇಹ ಕ್ಲಿನಿಕ್’ ಫಲಕ ಬಂತು. ಶಾಲೆಗೆ ನೀಲಿ ಗುಳಿಗೆ ಬಂತು, ಶುಚಿ ಪ್ಯಾಡ್ ಬಂತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಶಾಲೆ, ಹಾಸ್ಟೆಲ್, ಆರೋಗ್ಯ ಕೇಂದ್ರಗಳಲ್ಲಿ ಆಪ್ತಸಮಾಲೋಚಕಿಯಾಗಿ ಓಡಾಡಿದ ನನಗೆ ಕಂಡದ್ದು ಇಷ್ಟೆ: ಮಕ್ಕಳ ಬಳಿ ಪ್ರಶ್ನೆಗಳಿವೆ, ಆಸ್ಪತ್ರೆಯಲ್ಲಿ ಉತ್ತರಗಳಿವೆ. ನಡುವೆ ‘ಯಾರರೆ ನೋಡಿದ್ರ?’ ಎಂಬ ಅಂಜಿಕೆ ಕೂತಿದೆ. ಆ ಅಂಜಿಕೆ ಇಳಿಸುವ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ತಾಯಂದಿರ ಸಭೆ, ಆಮೇಲೆ ತರಗತಿ

2005ರಲ್ಲಿ ಕೇಂದ್ರವು ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಿತು. 2007ರ ಹೊತ್ತಿಗೆ ಅದರ ಚಿತ್ರ ಮತ್ತು ಭಾಷೆಯ ಬಗ್ಗೆ ಗದ್ದಲವೆದ್ದು, ಅದನ್ನು ನಿಲ್ಲಿಸಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ಊರಿನವರು ನೋಡದ ಪುಸ್ತಕ ಮಕ್ಕಳ ಕೈ ಸೇರಿದರೆ ಪುಸ್ತಕದ ಬಗ್ಗೆ ಚರ್ಚೆಯಾಗುವುದಿಲ್ಲ, ಗುಮಾನಿಯ ಬಗ್ಗೆ ಆಗುತ್ತದೆ. ಹಾಗಾಗಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ತಾಯಂದಿರು, ಅಂಗನವಾಡಿ ಕಾರ್ಯಕರ್ತೆಯರನ್ನು ಮೊದಲು ಕೂರಿಸಿ, ಮಕ್ಕಳಿಗೆ ತೋರಿಸುವ ಚಿತ್ರಪಟವನ್ನೇ ಅವರಿಗೂ ತೋರಿಸಬೇಕು. “ಇದನ್ನೆಲ್ಲ ಹೇಳಿದ್ರ ಹುಡುಗ್ರು ಕೆಡಂಗಿಲ್ಲೇನ್ರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಯುನೆಸ್ಕೊ, ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದಿದೆ. ಆದರೆ ಸಭೆಯನ್ನು ಒಲಿಸುವುದು ಈ ಮಾತಲ್ಲ. “ನೀವು ದೊಡ್ಡಾಕಿ ಆದಾಗ ನಿಮಗ ಯಾರು ಹೇಳಿದ್ರು?” ಎಂದು ಕೇಳಿದರೆ ಮೊದಲು ಮೌನ, ಆಮೇಲೆ ನಗು, ಆಮೇಲೆ ಒಬ್ಬೊಬ್ಬರೇ ಮಾತಿಗಿಳಿಯುತ್ತಾರೆ. ತಮಗೆ ಯಾರೂ ಹೇಳಿರಲಿಲ್ಲ ಎಂದು ಒಪ್ಪಿದ ತಾಯಿಯೇ ಮಗಳಿಗೆ ಹೇಳಿಸಲು ಒಪ್ಪುತ್ತಾಳೆ.

2. ಚೀಟಿಯನ್ನು ಎಲ್ಲರೂ ಹಾಕಬೇಕು

ಪ್ರಶ್ನೆ ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು ‘ಬೇಕಾದವರು ಹಾಕಿ’ ಎಂದರೆ ಅದು ಖಾಲಿಯೇ ಉಳಿಯುತ್ತದೆ. ಹಾಕಲು ಹೋದವರ ಮೇಲೇ ಎಲ್ಲರ ಕಣ್ಣು. ಒಂದೇ ಅಳತೆಯ ಚೀಟಿ ಹಂಚಿ, ಪ್ರಶ್ನೆ ಇಲ್ಲದವರೂ ‘ಇಲ್ಲ’ ಎಂದು ಬರೆದು ಹಾಕಲಿ. ಆಗ ಯಾರ ಚೀಟಿ ಯಾವುದೆಂದು ತಿಳಿಯುವುದಿಲ್ಲ. 8ನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠವಿದೆ, 10ನೇ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಆದರೆ ಚೀಟಿಗಳಲ್ಲಿ ಬರುವ ಪ್ರಶ್ನೆಗಳು ಪಠ್ಯದವಲ್ಲ. ಮುಟ್ಟು ಎರಡು ತಿಂಗಳು ನಿಂತರೆ ಏನರ್ಥ, ಬಿಳಿ ಹೋದರೆ ಎಲುಬು ಸವೆಯುತ್ತದೆಯೇ, ನೀಲಿ ಗುಳಿಗೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲವೇ?

ಉತ್ತರ ಚಿಕ್ಕದಾಗಿ, ನೇರವಾಗಿ ಇರಲಿ. ಶುರುವಿನ ಒಂದೆರಡು ವರ್ಷ ಮುಟ್ಟು ಏರುಪೇರಾಗುವುದು ಸಾಮಾನ್ಯ. ತಿಳಿಯಾದ, ವಾಸನೆಯಿಲ್ಲದ ಬಿಳಿಸೆರಗು ರೋಗವಲ್ಲ, ಅದರಿಂದ ಎಲುಬೂ ಸವೆಯುವುದಿಲ್ಲ. ತುರಿಕೆ, ದುರ್ವಾಸನೆ ಇದ್ದರೆ, ಮೊಸರಿನಂತೆ ಗಟ್ಟಿಯಾಗಿದ್ದರೆ ಚಿಕಿತ್ಸೆ ಬೇಕು. ನೀಲಿ ಗುಳಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಬಂಜೆತನಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

3. ಗಂಡುಹುಡುಗರನ್ನು ಮೈದಾನಕ್ಕೆ ಕಳಿಸಬೇಡಿ

‘ಹೆಣ್ಣುಮಕ್ಕಳ ಕಾರ್ಯಕ್ರಮ ಐತಿ, ಗಂಡುಹುಡುಗ್ರು ಆಡಾಕ ಹೋಗ್ರಿ’ ಎಂಬುದು ಅನೇಕ ಶಾಲೆಗಳ ರೂಢಿ. ಆ ಹುಡುಗರಿಗೆ ಪಾಠ ಹೇಳುವುದು ಬಸ್ ನಿಲ್ದಾಣದ ಗೋಡೆಗಳ ‘ಗುಪ್ತರೋಗ’ ಜಾಹೀರಾತು ಮತ್ತು ಮೊಬೈಲಿನ ಅಶ್ಲೀಲ ವಿಡಿಯೊ. “ರಾತ್ರಿ ಧಾತು ಹೋದ್ರ ಸೊರಗ್ತಾರೇನ್ರಿ?” ಎಂಬುದು ನಾಲ್ಕೂ ತಾಲೂಕುಗಳಲ್ಲಿ ಕೇಳಿಬರುವ ಪ್ರಶ್ನೆ. ಸ್ವಪ್ನಸ್ಖಲನ ಸಹಜ, ಅದರಿಂದ ಶಕ್ತಿ ಕುಂದುವುದಿಲ್ಲ ಎಂಬ ಒಂದು ಮಾತು ಎಷ್ಟೋ ಹುಡುಗರು ಲಾಡ್ಜ್‌ಗಳಲ್ಲಿ ಕೂರುವ ನಕಲಿ ವೈದ್ಯರಿಗೆ ಸುರಿಯುವ ದುಡ್ಡು ಉಳಿಸುತ್ತದೆ. ಮುಟ್ಟಿನ ಬಗ್ಗೆಯೂ ಹುಡುಗರಿಗೆ ಹೇಳಬೇಕು. ಮೊದಲ ಸುತ್ತು ಬೇರೆ ಬೇರೆ, ಎರಡನೆಯದು ಒಟ್ಟಿಗೆ. ತರಗತಿಯಲ್ಲಿ ಹುಡುಗಿಯ ಲಂಗದ ಕಲೆ ಕಂಡು ನಗುವವರು ಇರುವವರೆಗೆ, ಆ ದಿನಗಳಲ್ಲಿ ಅವಳ ಹಾಜರಿ ಖಾಲಿಯೇ.

4. ನಾಲ್ಕು ತಾಲೂಕಿಗೆ ಒಂದೇ ವೇಳಾಪಟ್ಟಿ ಒಗ್ಗದು

ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ ಶುರು. ಬೆಳಗಿನ ಸಭೆಗೆ ಕರೆದರೆ ತಾಯಿಯೂ ಇಲ್ಲ, ಶಾಲೆ ಬಿಟ್ಟ ಮಗಳೂ ಇಲ್ಲ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುಟುಂಬಗಳೇ ಬೆಂಗಳೂರು, ಮಂಗಳೂರು, ಗೋವಾ ಕಡೆ ದುಡಿಯಲು ಹೋಗುತ್ತವೆ. ಉಳಿದ ಹುಡುಗಿ ಅಜ್ಜಿಯ ಸುಪರ್ದಿಗೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳು ಕೂರುತ್ತಾರೆ, ಅಲ್ಲಿಗೆ ನಾವೇ ಹೋಗಬೇಕು. ಶಾಲೆಯೊಳಗಿರುವವರಿಗಾದರೆ ಒಬ್ಬ ಮೇಷ್ಟ್ರಾದರೂ ಇರುತ್ತಾರೆ. ಶಾಲೆ ಬಿಟ್ಟವರಿಗೇ ಅಪಾಯ ಹೆಚ್ಚು, ಕಾರ್ಯಕ್ರಮ ಮುಟ್ಟುವುದೂ ಅವರಿಗೇ ಕಡಿಮೆ. ಅವರ ಸಮಯ ಸಂಜೆ, ಅವರ ಜಾಗ ಓಣಿಯ ಕಟ್ಟೆ.

5. ಕೋಣೆ, ಸಾಲು, ರಿಜಿಸ್ಟರ್: ಮೂರನ್ನೂ ನೋಡಿ

ಸ್ನೇಹ ಕ್ಲಿನಿಕ್ಕನ್ನು ಬಸುರಿಯರ ತಪಾಸಣೆಯ ಕೋಣೆಯ ಮಗ್ಗುಲಲ್ಲೇ ಇಟ್ಟರೆ ಮದುವೆಯಾಗದ ಹುಡುಗಿ ಅತ್ತ ಸುಳಿಯುವುದಿಲ್ಲ. ಸಾಲಿನಲ್ಲಿ ಅವಳ ಅತ್ತೆಯೋ ದೊಡ್ಡಮ್ಮನೋ ಇದ್ದೇ ಇರುತ್ತಾರೆ. ಮೊಡವೆ, ರಕ್ತಹೀನತೆ, ತೂಕ ಎಲ್ಲವನ್ನೂ ಅದೇ ಕೋಣೆಯಲ್ಲಿ ನೋಡಿದರೆ ಒಳಗೆ ಹೋಗಲು ಮರ್ಯಾದೆಯ ಕಾರಣ ಸಿಗುತ್ತದೆ. ಶಾಲೆ ಬಿಡುವ ಹೊತ್ತಿಗೆ ಬಾಗಿಲು ತೆರೆದಿರಬೇಕು, ಊರಿನ ಕೊನೆಯ ಬಸ್ಸಿಗೆ ಮುಂಚೆ ಸಮಾಲೋಚನೆ ಮುಗಿಯಬೇಕು.

ರಿಜಿಸ್ಟರಿನ ‘ತಂದೆಯ ಹೆಸರು’ ಕಾಲಂ ಕೂಡ ಬಾಗಿಲು ಮುಚ್ಚಬಲ್ಲದು. 1982ರಲ್ಲೇ ದೇವದಾಸಿ ಸಮರ್ಪಣೆಯನ್ನು ಕಾನೂನು ನಿಷೇಧಿಸಿದ್ದರೂ ದೇವದಾಸಿ ತಾಯಂದಿರ ಮಕ್ಕಳು ಈ ಭಾಗದಲ್ಲಿದ್ದಾರೆ. ಎಲ್ಲರೆದುರು ತಂದೆಯ ಹೆಸರು ಕೇಳಿಸಿಕೊಂಡ ಹುಡುಗ ಮತ್ತೆ ಬರುವುದಿಲ್ಲ. ಪಾಲಕರ ಹೆಸರು ಎಂದು ಕೇಳಿದರೆ ಸಾಕು. ಎಚ್‌ಐವಿ ಪರೀಕ್ಷಾ ಕೇಂದ್ರಗಳು ಗುಟ್ಟು ಕಾಯುವ ಕ್ರಮವನ್ನು ಹಿಂದೆಯೇ ರೂಢಿಸಿಕೊಂಡಿವೆ. ಪರೀಕ್ಷೆಗೆ ಮುಂಚೆಯೂ ಆಮೇಲೂ ಒಂಟಿಯಾಗಿ ಮಾತು, ಫಲಿತಾಂಶ ಅವರ ಕೈಗೆ ಮಾತ್ರ. ಅದನ್ನೇ ಇಲ್ಲಿಗೂ ತರಬಹುದು.

6. ಗುಟ್ಟಿನ ಮಿತಿಯನ್ನು ಮೊದಲೇ ಹೇಳಿ

‘ಯಾರಿಗೂ ಹೇಳೋದಿಲ್ಲ’ ಎಂದು ಮಾತು ಕೊಡುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, 18ರೊಳಗಿನವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಇಬ್ಬರೂ ಒಪ್ಪಿದ ಲೈಂಗಿಕ ಸಂಬಂಧವೂ ಈ ವಯಸ್ಸಿನಲ್ಲಿ ಕಾನೂನಿನ ಕಣ್ಣಿಗೆ ಅಪರಾಧವೇ. ಮಾತು ಶುರುವಾಗುವ ಮುಂಚೆಯೇ “ನಿನಗೆ ಯಾರಾದರೂ ಕೇಡು ಮಾಡಿದ್ದರೆ, ನಿನ್ನ ಜೀವಕ್ಕೆ ಅಪಾಯವಿದ್ದರೆ ನಾನು ಹೇಳಬೇಕಾಗುತ್ತದೆ, ಉಳಿದದ್ದೆಲ್ಲ ಇಲ್ಲೇ” ಎಂದುಬಿಡಿ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಒಂದು ದಾರಿ ತೆರೆದಿದೆ: ಅವಳೂ ಪಾಲಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಹೇಳಬೇಕಿಲ್ಲ. ಪಾಲಕರ ಲಿಖಿತ ಒಪ್ಪಿಗೆ ಮಾತ್ರ ಬೇಕೇ ಬೇಕು. ಈ ದಾರಿ ಗೊತ್ತಿಲ್ಲದ ಕುಟುಂಬ ನಾಟಿ ಔಷಧಿಯ ಮೊರೆ ಹೋಗುತ್ತದೆ.

7. ಮದುವೆಯಾದವಳೂ ಹದಿಹರೆಯದವಳೇ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20–24 ವಯಸ್ಸಿನ ಮಹಿಳೆಯರಲ್ಲಿ ಶೇ 21.3 ಮಂದಿಗೆ 18ರೊಳಗೇ ಮದುವೆಯಾಗಿತ್ತು. ರಾಜ್ಯದ 2016ರ ತಿದ್ದುಪಡಿಯಿಂದ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 18ರೊಳಗಿನ ಹೆಂಡತಿಯ ಜತೆಗಿನ ಸಂಬಂಧವೂ ಅತ್ಯಾಚಾರ. ಮದುವೆ ತಡೆಯಲು 1098ಕ್ಕೆ ಕರೆ ಮಾಡುವುದನ್ನು ಪ್ರತಿ ಮಗುವಿಗೂ ಕಲಿಸಬೇಕು. ಆದರೆ ಮದುವೆಯಾಗಿ ಬಸುರಿಯಾದ ಹದಿನೇಳರ ಹುಡುಗಿ ‘ಕೇಸ್ ಆಗ್ತದ’ ಎಂದು ಹೆದರಿ ತಾಯಿ ಕಾರ್ಡನ್ನೇ ಮಾಡಿಸದೆ ಉಳಿಯುತ್ತಾಳೆ. ರಕ್ತಹೀನತೆ, ಅಧಿಕ ರಕ್ತದೊತ್ತಡ ಯಾವುದನ್ನೂ ಯಾರೂ ನೋಡುವುದಿಲ್ಲ. ಮೊದಲು ಆರೈಕೆ, ಜತೆಗೇ ಕಾನೂನು. ಬೈಗುಳ ಎರಡರಲ್ಲೂ ಇಲ್ಲ. ಮುಂದಿನ ಬಸಿರು ಮುಂದೂಡುವ ಮಾತನ್ನು ಅವಳೊಂದಿಗೆ ಆಡುವಾಗ ಗಂಡ, ಅತ್ತೆಯೂ ಕೂತಿರಲಿ. ಮನೆಯಲ್ಲಿ ತೀರ್ಮಾನ ಅವರದೇ.

8. ಒಂದೇ ವಯಸ್ಸಿನವರ ಮಾತು ಬೇಗ ಮುಟ್ಟುತ್ತದೆ

ಕೆಎಚ್‌ಪಿಟಿ ಸಂಸ್ಥೆಯ ‘ಸ್ಫೂರ್ತಿ’ ಯೋಜನೆ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಹುಡುಗಿಯರನ್ನೇ ಮಾದರಿಯಾಗಿ ಬೆಳೆಸಿ, ಅವರ ಮೂಲಕ ಗೆಳತಿಯರನ್ನು ತಲುಪುವ ದಾರಿ ಹಿಡಿಯಿತು. ಸರ್ಕಾರದ ಕಾರ್ಯಕ್ರಮದಲ್ಲೂ ಹುಡುಗ, ಹುಡುಗಿ ಇಬ್ಬರಲ್ಲೂ ಸಮವಯಸ್ಕ ಶಿಕ್ಷಕರಿದ್ದಾರೆ. ಆಯ್ಕೆ ಮಾಡುವಾಗ ತರಗತಿಗೆ ಮೊದಲಿಗರನ್ನೇ ಹುಡುಕಬೇಡಿ. ಯಾರ ಹತ್ತಿರ ಉಳಿದವರು ಗುಟ್ಟು ಹೇಳಿಕೊಳ್ಳುತ್ತಾರೋ ಅವರನ್ನು ಹುಡುಕಿ. ಅವರಿಗೆ ವೈದ್ಯಕೀಯ ಪಾಠಕ್ಕಿಂತ, ಯಾವ ಹಂತದಲ್ಲಿ ತಾವು ನಿಂತು ಆಶಾ ಅಥವಾ ನರ್ಸ್ ಹತ್ತಿರ ಕರೆದೊಯ್ಯಬೇಕು ಎಂಬುದು ಮುಖ್ಯ.

9. ಎರಡನೇ ಸಲ ಬಂದವರನ್ನು ಎಣಿಸಿ

ತಿಂಗಳ ವರದಿಯಲ್ಲಿ ಕಾರ್ಯಕ್ರಮಗಳ ಸಂಖ್ಯೆ, ಹಂಚಿದ ಪ್ಯಾಡ್‌ಗಳ ಸಂಖ್ಯೆ ಇರುತ್ತವೆ. ಅವುಗಳಿಂದ ಅಂಜಿಕೆ ಇಳಿಯಿತೇ ಎಂದು ತಿಳಿಯುವುದಿಲ್ಲ. ಒಮ್ಮೆ ಬಂದವರಲ್ಲಿ ಎಷ್ಟು ಮಂದಿ ತಾವಾಗಿ ಮತ್ತೆ ಬಂದರು, ಅವರಲ್ಲಿ ಗಂಡುಹುಡುಗರು ಎಷ್ಟು, ಶಾಲೆ ಬಿಟ್ಟವರು ಎಷ್ಟು? ಈ ಮೂರು ಕಾಲಂ ಹಾಕಲು ಯಾವ ಅನುದಾನವೂ ಬೇಡ, ವೈದ್ಯಾಧಿಕಾರಿ ಒಂದು ಗೆರೆ ಎಳೆದರೆ ಆಯಿತು. ಆ ಕಾಲಂಗಳು ಖಾಲಿ ಇದ್ದರೆ ಮಕ್ಕಳಿಗೆ ನಾಚಿಕೆ ಎಂದು ಬರೆಯಬೇಡಿ. ಹೋಗಿ ಕ್ಲಿನಿಕ್ಕಿನ ಬಾಗಿಲು ಎತ್ತ ತೆರೆಯುತ್ತದೆ, ಯಾವ ಹೊತ್ತಿಗೆ ಮುಚ್ಚುತ್ತದೆ ಎಂದು ನೋಡಿ.